ಗಂಡುಗಪ್ಪೆಯ ಮನೆ ನೋಡಿದ ಮಾಳವ್ವ

ಹತ್ತಿರ ಸರಿದು ಕೂತುಕೊಳ್ಳಿ ಮಕ್ಕಳೇ, ಇದು ಮದುವೆ ಕಥೆ. ನಗು ಬಂದರೆ ನಗಿ, ನಡುವೆ ಎದ್ದು ಮಾತ್ರ ಹೋಗಬೇಡಿ.

ಏಳುಕೆರೆ ಅಂತ ಒಂದು ರಾಜ್ಯ. ಅದಕ್ಕೆ ಮಲ್ಲರಸ ಅಂತ ಒಬ್ಬ ರಾಜ. ಅಲ್ಲಿಯ ದೊಡ್ಡ ಕೆರೆಯ ತೂಬು ತೆಗೆದು, ಮುಚ್ಚಿ, ಗದ್ದೆಗದ್ದೆಗೂ ನೀರು ಹಂಚುವವಳು ನೀರಗಂಟಿ ಮಾಳವ್ವ. ಗಂಡ ತೀರಿಕೊಂಡ ಮೇಲೆ ಆ ಕೆಲಸ ಅವಳ ಕೈಗೆ ಬಂದಿತ್ತು. ಅವಳಿಗೆ ಪಂಚಾಂಗವೇ ಬೇಡ. ಕೆರೆಯಲ್ಲಿ ಕಪ್ಪೆಗಳು ವಟರ್ ವಟರ್ ಎಂದವೋ, ಮಳೆನೀರು ಕೆರೆಯಲ್ಲಿ ನಿಲ್ಲಲೆಂದು ಮಾಳವ್ವ ತೂಬು ಮುಚ್ಚುವಳು, ಜನ ಬಿತ್ತನೆಗೆ ಹೊರಡುವರು.

ಹೀಗಿರುವಾಗ ರಾಜನಿಗೆ ಏಳಂತಸ್ತಿನ ಉಪ್ಪರಿಗೆ ಕಟ್ಟಿಸುವ ಹುಚ್ಚು ಹಿಡಿಯಿತು. ಮಂತ್ರಿ ಸಿಂಗಾಡಿ ಆ ಹುಚ್ಚಿಗೆ ಗಾಳಿ ಹಾಕಿದ. ಕೆರೆಯಂಗಳದ ಮಣ್ಣು ತೋಡಿಸಿದ. ಏರಿಯ ಮೇಲಿನ ಹೊಂಗೆ, ಅತ್ತಿ ಮರಗಳನ್ನೆಲ್ಲ ಕಡಿಸಿದ. ಸುತ್ತಲೂ ನೂರು ಇಟ್ಟಿಗೆ ಗೂಡು ಹಾಕಿಸಿ ಹಗಲೂ ರಾತ್ರಿ ಉರಿಸಿದ. ರಾಜನಿಗೆ ಒಂದು ಉಪ್ಪರಿಗೆ ಏಳುತ್ತಿದ್ದರೆ ಮಂತ್ರಿಗೆ ಗುಟ್ಟಾಗಿ ಎರಡು ಏಳುತ್ತಿದ್ದವು. ಹೊಗೆ ಕವಿದು, ಗಾಳಿ ಕಾದು, ಮಳೆ ದಾರಿ ತಪ್ಪಿತು.

ಮೊದಲ ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು. ಕಪ್ಪೆಗಳು ನಂಬಿ ಮೊಟ್ಟೆ ಇಟ್ಟವು. ಹಿಂದೆಯೇ ಬಂದ ಬಿಸಿಲಿಗೆ ಗೊದಮೊಟ್ಟೆಗಳು ಗುಂಡಿಯಲ್ಲೇ ಬೆಂದುಹೋದವು. ಎರಡನೆಯ ವರ್ಷ ಒಂದೇ ದಿನ ಸುರಿದ ಮಳೆ ಮೊಟ್ಟೆಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಮೂರನೆಯ ವರ್ಷ ಮಳೆ ಬರಲೇ ಇಲ್ಲ. ಕಪ್ಪೆಗಳಿಲ್ಲದೆ ಸೊಳ್ಳೆ ಹೆಚ್ಚಿತು, ಪೈರಿಗೆ ಹುಳ ಬಿತ್ತು, ಕೊಕ್ಕರೆಗಳು ಊರು ಬಿಟ್ಟವು. ಹಸಿದ ಕೇರೆಹಾವು ನೆಟ್ಟಗೆ ಅರಮನೆಯ ಅಡುಗೆಮನೆಗೇ ಬಂದು ಕೂತಿತು.

ಕಪ್ಪೆ ಮದುವೆ ಮಾಡಿಸಿದರೆ ಮಳೆ ಬರುತ್ತದೆ ಎಂದರು ಜನ. ರಾಜ ಹಿಗ್ಗಿಹೋದ. ಚಪ್ಪರ ಎದ್ದಿತು, ವಾಲಗ ಬಂತು, ಹೋಳಿಗೆಗೆ ಬೇಳೆ ಬೆಂದಿತು. ಗಂಡುಗಪ್ಪೆಯೇನೋ ಸಿಕ್ಕಿತು, ಹೆಣ್ಣೆಲ್ಲಿ?

ಮಂತ್ರಿ ರಾಜನ ಕಿವಿ ಊದಿದ. ಕೆರೆ ಬತ್ತಿದ್ದು ಮಾಳವ್ವ ತೂಬು ತೆರೆದೇ ಇಟ್ಟಿದ್ದರಿಂದ ಎಂದ. ಹೆಣ್ಣು ನಾನು ತರುತ್ತೇನೆ, ತಂದರೆ ಮಾಳವ್ವನನ್ನು ರಾಜ್ಯದಿಂದ ಓಡಿಸಿ ಕೆರೆಯನ್ನು ನನಗೆ ಕೊಡಿ ಎಂದ. ರಾಜ ಒಪ್ಪಿ, ಮೂರು ಮುಹೂರ್ತದ ಗಡುವು ಕೊಟ್ಟ. ಹುಟ್ಟಿದಾಗಿನಿಂದ ಬೇರೆ ಊರಿನ ನೀರು ಕುಡಿದವಳಲ್ಲ ಮಾಳವ್ವ. ಪಾಪ, ಎಲ್ಲಿಗೆ ಹೋದಾಳು?

ಅವಳ ಹಿತ್ತಿಲಲ್ಲಿ, ನೀರಿನ ಹರವಿಯ ಕೆಳಗೆ, ಒದ್ದೆ ಮರಳಿನಲ್ಲಿ ಒಂದೇ ಒಂದು ಹೆಣ್ಣುಗಪ್ಪೆ ಉಳಿದಿತ್ತು.

"ಮಂತ್ರಿ ಹೆಣ್ಣು ತರೋಕೆ ಮುಂಚೆ ನೀನೇ ನನ್ನ ಕೊಟ್ಟುಬಿಡು ಮಾಳವ್ವ, ನೀನಾದ್ರೂ ಉಳ್ಕೋ" ಎಂದಿತು ಕಪ್ಪೆ.

"ಕಾದ ಕೆರೆಗೆ ನಿನ್ನ ಕೊಡ್ಲಾ? ಹೆಣ್ಣು ಕೊಡೋಕೆ ಮುಂಚೆ ಗಂಡಿನ ಮನೆ ನೋಡ್ಬೇಕು ಕಣವ್ವ" ಎಂದಳು ಮಾಳವ್ವ.

ಮೊದಲ ಮುಹೂರ್ತಕ್ಕೆ ಮಂತ್ರಿ ಹೆಣ್ಣು ತಂದ. ಅರಿಶಿನ ಹಚ್ಚಿದ್ದಾಯಿತು, ಬಾಸಿಂಗ ಕಟ್ಟಿದ್ದಾಯಿತು. ಇನ್ನೇನು ಗಟ್ಟಿಮೇಳ ಎನ್ನಬೇಕು, ಮದುಮಗಳು ಗಂಟಲು ಉಬ್ಬಿಸಿ "ವಟರ್!" ಎಂದಳು. ಮಾಳವ್ವ ಮೆಲ್ಲಗೆ, ಹೀಗೆ ಕೂಗುವುದು ಗಂಡುಗಪ್ಪೆ ಮಾತ್ರ ಎಂದಳು. ಚಪ್ಪರವೆಲ್ಲ ನಕ್ಕಿತು. ಎರಡನೆಯ ಮುಹೂರ್ತಕ್ಕೆ ಇನ್ನೊಂದು ಬಂತು. ಅದೂ "ವಟರ್!" ಮೂರನೆಯದಕ್ಕೆ ಮಂತ್ರಿ ಬಾಯಿಗೆ ದಾರ ಕಟ್ಟಿಯೇ ತಂದ. ಕಪ್ಪೆ ಕೂಗುವುದು ಬಾಯಿ ಮುಚ್ಚಿಕೊಂಡೇ ಎಂದು ಆ ಜಾಣನಿಗೆ ಗೊತ್ತಿರಲಿಲ್ಲ. ಗಂಟಲು ನಿಂಬೆಹಣ್ಣಿನಷ್ಟು ಉಬ್ಬಿತು, "ವಟರ್!" ರಾಜನೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಗ ಮಾಳವ್ವ ಎದ್ದು ನಿಂತಳು.

"ಹೆಣ್ಣು ನಮ್ಮನೇಲಿದೆ ಬುದ್ಧಿ. ಗಂಡಿನ ಕಡೆ ಹಿರಿಯರು ತಾವು, ಹೆಣ್ಣಿನ ತಾಯಿ ನಾನು. ಮನೆ ನೋಡ್ದೆ ಹೆಣ್ಣು ಕೊಡೋದುಂಟಾ?"

ನ್ಯಾಯದ ಮಾತು ಎಂದು ಜನರೆಲ್ಲ ಕೂಗಿದರು. ನಡು ಮಧ್ಯಾಹ್ನ ದಿಬ್ಬಣ ಕೆರೆಗೆ ಹೊರಟಿತು. ಬೀಗರ ಮನೆಯೊಳಗೆ ಮೆಟ್ಟು ಹಾಕಿಕೊಂಡು ಹೋಗಬಾರದು ಎಂದು ಮಾಳವ್ವ ದಡದಲ್ಲೇ ಎಲ್ಲರ ಮೆಟ್ಟು ಬಿಡಿಸಿದಳು. ಕಾದ ನೆಲಕ್ಕೆ ಕಾಲಿಟ್ಟದ್ದೇ ತಡ, ರಾಜ ಕುಣಿದ, ಮಂತ್ರಿ ಕುಣಿದ. ಮಂತ್ರಿಯಂತೂ ಬಿಸಿ ತಾಳದೆ ತಾನೇ ತೋಡಿಸಿದ ಗುಂಡಿಗೆ ಜಾರಿ ಇಳಿದ.

ಮಾಳವ್ವ ಬಿಗುಮಾನದಿಂದ ಕೇಳತೊಡಗಿದಳು. ಮನೆಯ ನೆರಳೆಲ್ಲಿ? ಗೂಡಿಗೆ ಸೌದೆ ಬೇಕಿತ್ತು, ಕಡಿಸಿದೆ ಎಂದ ಮಂತ್ರಿ. ಮೆತ್ತನೆ ನೆಲವೆಲ್ಲಿ? ಇಟ್ಟಿಗೆಗೆ ಮಣ್ಣು ಬೇಕಿತ್ತು, ತೋಡಿಸಿದೆ ಎಂದ. ಈ ಗುಂಡಿಯ ನೀರೆಲ್ಲಿ?

"ನೀನೇ ತೂಬಿನಿಂದ ಹರಿಸಿಬಿಟ್ಟೆಯಲ್ಲ!" ಎಂದು ಮಂತ್ರಿ ಸಿಡುಕಿದ.

"ಸ್ವಾಮಿ, ತೂಬು ಎಲ್ಲಿದೆ, ಸ್ವಲ್ಪ ಬೆರಳು ಮಾಡಿ ತೋರಿಸಿ" ಎಂದಳು ಮಾಳವ್ವ.

ಮಂತ್ರಿ ಕತ್ತೆತ್ತಿದ. ತೂಬು ಅವನ ತಲೆಗಿಂತ ಎರಡು ಮೊಳ ಮೇಲಿತ್ತು. ತಗ್ಗಿನ ನೀರು ಮೇಲಿನ ತೂಬಿಗೆ ಹತ್ತಿ ಹೋಗುವುದು ಹೇಗೆ? ಅದು ಕಾವಿಗೆ ಆರಿಹೋಗಿತ್ತು. ರಾಜ ಒಮ್ಮೆ ಗುಂಡಿ ನೋಡಿದ, ಒಮ್ಮೆ ಗೂಡಿನ ಹೊಗೆ ನೋಡಿದ, ಒಮ್ಮೆ ಸುಟ್ಟ ಅಂಗಾಲು ನೋಡಿಕೊಂಡ.

"ಈ ಮನೆಗೆ ತಮ್ಮ ಮಗಳನ್ನ ಕೊಡ್ತೀರಾ ಬುದ್ಧಿ?"

ರಾಜನ ತಲೆ ತಗ್ಗಿತು. "ಕೊಡೋಲ್ಲ ಬೀಗಿತಿ. ತಪ್ಪು ನನ್ನದೂ ಇದೆ" ಎಂದ.

ಅವತ್ತೇ ನೂರು ಗೂಡೂ ಆರಿದವು. ಉಪ್ಪರಿಗೆ ಅರ್ಧಕ್ಕೆ ನಿಂತಿತು. ಮಂತ್ರಿಗೆ ಪದವಿ ಹೋಗಿ ಕೊಡ ಬಂತು: ಏರಿಯ ಮೇಲೆ ಸಸಿ ನೆಡಬೇಕು, ನೀರು ಹೊರಬೇಕು, ದಿನಕ್ಕೆ ಮೂರು ಸಲ ಮಾಳವ್ವನ ಹಿತ್ತಿಲಿಗೆ ಬಂದು ಮದುಮಗಳ ಮರಳು ನೆನೆಸಬೇಕು. ಮಳೆಯೇನು ಮರುದಿನವೇ ಓಡಿ ಬರಲಿಲ್ಲ. ಒಂದು ವರ್ಷ ಮುನಿಸಿಕೊಂಡೇ ಇತ್ತು. ಎರಡನೆಯ ವರ್ಷ ಇಣುಕಿ ಹೋಯಿತು. ಮೂರನೆಯ ವರ್ಷ ಸರಿಯಾದ ಹೊತ್ತಿಗೆ ಬಂದು ಕೆರೆ ತುಂಬಿಸಿತು. ಅವತ್ತು ಸಂಜೆ, ಕೆರೆಗೆ ಬಿಟ್ಟ ಮದುವೆಯ ಗಂಡುಗಪ್ಪೆ "ವಟರ್" ಎಂದಿತು. ಹೆಣ್ಣು ಸದ್ದಿಲ್ಲದೆ ಮಾಳವ್ವನ ಅಂಗೈಯಿಂದ ನೀರಿಗೆ ಹಾರಿತು. ಮಾಳವ್ವ ಕಣ್ಣೊರೆಸಿಕೊಂಡು, ಓಡಿಹೋಗಿ ತೂಬು ಮುಚ್ಚಿದಳು.

ನೋಡಿದಿರಾ ಮಕ್ಕಳೇ, ಮಳೆ ಬೇಕೆಂದು ಕಪ್ಪೆಗೆ ಮದುವೆ ಮಾಡಿದರೆ ಸಾಲದು, ಅದು ಸಂಸಾರ ಹೂಡಲು ತಂಪಾದ ಮನೆ ಉಳಿಸಬೇಕು. ಅದರ ಮನೆ ಸುಟ್ಟವರ ಮನೆಯೂ ತಣ್ಣಗಿರುವುದಿಲ್ಲ.