ಮಡಿಯಮ್ಮ ಮತ್ತು ಗಂಟು

ಊರ ಗಂಡಸರೆಲ್ಲ ಹೆಂಡತಿಯನ್ನು “ಲೇ ಇವಳೇ” ಎಂದು ಕೂಗಿದರೆ, ನರಸಿಂಗರಾಯರು ಮಾತ್ರ “ಅಂಬುಜಾ” ಎಂದು ಹೆಸರು ಹಿಡಿದೇ ಕರೆಯುವವರು. ಆ ಹೆಸರು ಅವರ ಮುದಿ ಮಿದುಳಿನ ಒಂದು ಜೀವಕೋಶದಲ್ಲಿತ್ತು. ಅಲ್ಲಿ ಮಡಿಯಮ್ಮ ಎಂಬ ಪ್ರೋಟೀನ್ ಇದ್ದಳು. ಹುಟ್ಟುತ್ತಲೇ ಶ್ಯಾವಿಗೆಯಂತೆ ನೇತಾಡುವ ಪ್ರೋಟೀನ್ ಕೂಸುಗಳನ್ನು ನೀಟಾಗಿ ಮಡಿಸಿ ಕೆಲಸಕ್ಕೆ ಕಳಿಸುವುದೇ ಅವಳ ಕಸುಬು.

ಒಂದು ಕೂಸು ಅವಳ ಕೈತಪ್ಪಿ ಸೊಟ್ಟಗೆ ಮಡಿಸಿಕೊಂಡಿತು. ಅಕ್ಕಪಕ್ಕದವರನ್ನೆಲ್ಲ ತಬ್ಬಿ ತಬ್ಬಿ ತನ್ನ ಹಾಗೆಯೇ ಸೊಟ್ಟ ಮಾಡಿ, ದೊಡ್ಡ ಗಂಟಾಗಿ ಕೂತಿತು.

“ಮಡಿ, ಮಡಿ! ಯಾರೂ ಅವನನ್ನ ಮುಟ್ಟಬೇಡಿ!” ಮಡಿಯಮ್ಮ ಕೂಗಿದಳು.

“ಏನಮ್ಮಾ, ಶ್ರಾದ್ಧದ ಅಡುಗೆಗೆ ಹೊರಟ ಹಾಗಿದೆ?” ಗಂಟು ನಕ್ಕಿತು. “ನಮ್ಮಲ್ಲಿ ಮಡಿ ಮೈಲಿಗೆ ಇಲ್ಲ. ಬಂದವರನ್ನೆಲ್ಲ ಅಪ್ಕೋತೀವಿ.”

“ಬಿಡೋ ಅವರನ್ನ. ಈ ಮನೆ ಬಿದ್ರೆ ನೀನೂ ಸಾಯ್ತೀಯ.”

“ಬಿಡೋದು ಹೇಗೆ ಅಂತ ಗೊತ್ತಿದ್ದಿದ್ರೆ ಬಿಡ್ತಿರಲಿಲ್ವಾ?”

ಮಡಿಯಮ್ಮ ಹತ್ತಿರ ಹೋದಳು. ಎಷ್ಟಾದರೂ ತಾನೇ ಮಡಿಸಬೇಕಿದ್ದ ಕೂಸು. ಬಿಡಿಸಲು ಒಂದು ಕೈ ಹಾಕಿದಳು, ಅಂಟಿಕೊಂಡಿತು. ಆ ಕೈ ಬಿಡಿಸಿಕೊಳ್ಳಲು ಇನ್ನೊಂದನ್ನು ಹಾಕಿದಳು, ಅದೂ ಅಂಟಿಕೊಂಡಿತು.

ಅಷ್ಟರಲ್ಲಿ ಆಗಷ್ಟೇ ಹುಟ್ಟಿದ ಕೂಸೊಂದು ತೂಗಾಡುತ್ತಾ ಬಂತು. “ಅಮ್ಮಾ, ನನ್ನನ್ನ ಮಡಿಸ್ತೀಯಾ?”

ಓಡಿಹೋಗು ಎನ್ನಲು ಹೋದಳು ಮಡಿಯಮ್ಮ. ಬಾಯಿಯೂ ಅಂಟಿಹೋಗಿತ್ತು.

“ಅವಳಿಗೆ ಕೈ ಬಿಡುವಿಲ್ಲ, ಮರೀ,” ಎಂದಿತು ಗಂಟು. “ಬಾ, ನಾನು ಮಡಿಸ್ತೀನಿ.”

ಹೊರಗೆ ನರಸಿಂಗರಾಯರು ಅಡುಗೆಮನೆಯತ್ತ ತಿರುಗಿ ಬಾಯಿ ತೆರೆದರು. ಸ್ವಲ್ಪ ಹೊತ್ತು ಹಾಗೇ ತೆರೆದುಕೊಂಡಿದ್ದರು.

“ಲೇ… ಇವಳೇ,” ಎಂದರು, “ಕಾಫಿ ಕೊಡು.”