ಅಜ್ಜಾರು ಕೂರುವ ಕಡೆ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಮಠಕ್ಕೊಬ್ಬರು ಮುದಿ ಗುರುಗಳು. ಊರವರ ಬಾಯಲ್ಲಿ ಅವರು ಅಜ್ಜಾರು. ಅವರನ್ನು ಹಳೆಯ ಸಣ್ಣ ಕಾರಿನಲ್ಲಿ ಊರೂರು ಸುತ್ತಿಸಿ ಸುತ್ತಿಸಿ ಹಣ್ಣಾದವನು ಶಿಷ್ಯ ಅಡಿವೆಪ್ಪ.

ಕಾರಿನ ಹಿಂದಿನ ಶಾಕ್‌ಅಬ್ಸಾರ್ಬರ್ ಎರಡೂ ಎಣ್ಣೆ ಸೋರಿ ಸತ್ತಿದ್ದವು. ತಗ್ಗು ಬಂದರೆ ಸಾಕು, ಹಿಂದೆ ಕೂತವರ ನಡು ಮುರಿಯುತ್ತಿತ್ತು. ಅಷ್ಟರಲ್ಲಿ ಮಠದ ಅಡುಗೆಯ ನೀಲವ್ವನಿಗೆ ಹೊಟ್ಟೆಯ ಆಪರೇಷನ್ ಆಯಿತು. ನಾಳೆ ಆಕೆಯನ್ನು ಆಸ್ಪತ್ರೆಯಿಂದ ಕರೆತರಬೇಕು. ಹೊಲಿಗೆ ಇನ್ನೂ ಹಸಿ.

ಅಡಿವೆಪ್ಪ ಗ್ಯಾರೇಜಿಗೆ ಹೋದ. ಅಲ್ಲಿ ಹೊಸದು ಒಂದೇ ಇತ್ತು.

“ಒಂದ ಕಡೆ ಹಾಕಬಾರದ್ರೀ, ಜೋಡಿ ಹಾಕಬೇಕು. ಸಂಜೀತನಕ ತಡೀರಿ, ಇನ್ನೊಂದು ಬರತೈತಿ,” ಎಂದ ಮೇಸ್ತ್ರಿ.

ಸಂಜೆಯವರೆಗೆ ಕೂರುವ ತ್ರಾಣ ಅಡಿವೆಪ್ಪನಲ್ಲಿ ಉಳಿದಿರಲಿಲ್ಲ.

“ಇರೂದನ್ನ ಎಡಕ್ಕ ಹಾಕಪಾ. ಅಜ್ಜಾರು ಕೂಡೂದು ಎಡಕ್ಕ.”

ಗುರುಭಕ್ತಿಗೂ ಎಡ ಬಲ ಇರುತ್ತದೆಂದು ಮೇಸ್ತ್ರಿಗೆ ಅಂದೇ ತಿಳಿದದ್ದು.

ಮರುದಿನ ಆಸ್ಪತ್ರೆಗೆ ಹೊರಟಾಗ ಅಜ್ಜಾರು ಎಂದಿನಂತೆ ಎಡಕ್ಕೆ ಕೂತರು. ಒಂದಷ್ಟು ದೂರ ಹೋದ ಮೇಲೆ ಅಡಿವೆಪ್ಪ ಕನ್ನಡಿಯಲ್ಲಿ ನೋಡಿ ಕೇಳಿದ, “ಮೆತ್ತಗೈತೇನ್ರೀ ಅಜ್ಜಾರ?”

“ನನ್ನ ಕಡೆ ಮೆತ್ತಗೈತಿ.”

ದಣಿದ ಜೀವಕ್ಕೆ ಅದು ಹೊಗಳಿಕೆಯಂತೆ ಕೇಳಿಸಿತು.

ಬರುವಾಗ ಅಜ್ಜಾರು ನೀಲವ್ವನನ್ನು ಎಡಕ್ಕೆ ಕೂರಿಸಿ, ಸುತ್ತು ಹಾಕಿ ಬಂದು ಬಲಗಡೆಯ ಬಾಗಿಲು ತೆಗೆದರು.

“ಅಲ್ಲಿ ಬ್ಯಾಡ್ರೀ ಅಜ್ಜಾರ! ಆ ಕಡೆ ಹಳೇದೈತಿ.”

“ಹಂಗಾದರ ನೀಲವ್ವನ್ನ ಎಲ್ಲಿ ಕುಂದರಸಾಂವ ಇದ್ದಿ?”

ಅಡಿವೆಪ್ಪ ಗಾಡಿ ಚಾಲೂ ಮಾಡಿದ.

ಎಷ್ಟು ನಿಧಾನ ಹೊಡೆದರೂ ತಗ್ಗುಗಳು ಬಿಡಲಿಲ್ಲ. ಬಲಗಡೆ ಕುಣಿದಾಗಲೆಲ್ಲ ಎಡಗಡೆಯೂ ಓಲಾಡಿತು. ಅಜ್ಜಾರ ತಲೆ ಗಾಜಿಗೆ ಬಡಿಯಿತು. ನೀಲವ್ವ ಹೊಟ್ಟೆ ಹಿಡಿದುಕೊಂಡು “ಯವ್ವಾ” ಎಂದು ನರಳಿದಳು.

ಹೊಳೆಯ ದಂಡೆ ಬಂದಾಗ ಅಡಿವೆಪ್ಪ ಗಾಡಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತುಬಿಟ್ಟ.

“ನನಗ ಸಾಕಾಗೇತ್ರೀ ಅಜ್ಜಾರ. ಹಗಲೂ ರಾತ್ರಿ ನಿಮ್ಮ ಸೇವಾ ಒಂದ ನೋಡಿದೆ. ಅದೂ ತಪ್ಪಾತು.”

ಅಜ್ಜಾರು ನೋಯುವ ತಲೆ ಸವರಿಕೊಂಡರು. ಅವರಿಗೂ ಸಾಕಾಗಿತ್ತು.

“ನನ್ನ ಸೇವಾ ಬಿಡೋ ತಮ್ಮಾ. ಗಾಡೀ ಸೇವಾ ಮಾಡು.”