ರಾಯಭಾರಿಯೂ ಎತ್ತಿನ ಬಿಡುವೂ

“ಒಕ್ಕೂಟದ ನಿಯಮದಲ್ಲಿ ಒಂದಕ್ಷರ ಬದಲಿಸಲು ಆ ಬ್ರಹ್ಮನಿಂದಲೂ ಆಗದು,” ಎಂದು ರಾಯಭಾರಿ ದುಗ್ಗಣ ಹೆಗ್ಗಡೆ ಮೀಸೆ ತಿರುವಿದ. “ನನ್ನಿಂದ ಆಗುತ್ತದೆ, ಬರೆದವನು ನಾನೇ. ಆದರೆ ಬದಲಿಸುವುದಿಲ್ಲ.”

ಮುಳ್ಳುಗುಡ್ಡದ ರಾಜ ಮಲ್ಲರಸ ತಲೆಯಾಡಿಸಿದ. ಬೇರೆ ಗತಿಯಿರಲಿಲ್ಲ. ಮುಳ್ಳುಗುಡ್ಡಕ್ಕೆ ಸಮುದ್ರವಿಲ್ಲ, ಉಪ್ಪು ಆರು ರಾಜ್ಯ ದಾಟಿ ಬರಬೇಕು. ಆ ಆರೂ ಸೇರಿ ಒಕ್ಕೂಟ ಕಟ್ಟಿಕೊಂಡು, ಹೊರಗಿನವರಿಗೆ ಉಪ್ಪಿಲ್ಲವೆಂದು ಗಡಿ ಮುಚ್ಚಿ ಎರಡು ತಿಂಗಳಾಗಿತ್ತು. ಅರಮನೆಯಲ್ಲೇ ಸಪ್ಪೆ ಸಾರು. ಊರಿನಲ್ಲಿ ಕೂಸುಗಳು ಬಾಯಿಗಿಟ್ಟ ಗಂಜಿ ಉಗುಳುತ್ತಿದ್ದವು.

ಹಾಗಾಗಿ ರಾಜ ಒಕ್ಕೂಟ ಸೇರಲೆಂದು ಅದರ ನಾಣ್ಯಕ್ಕೆ ಒಪ್ಪಿದ, ಒಕ್ಕೂಟದ ಕೊಳಗಕ್ಕೆ ಒಪ್ಪಿದ, ತಕ್ಕಡಿಗೂ ಒಪ್ಪಿದ. ಹೆಗ್ಗಡೆ ಮುಂದಿನ ಓಲೆ ಎತ್ತಿಕೊಂಡ.

“ವಾರಕ್ಕೊಂದು ದಿನ ಎತ್ತಿಗೆ ನೊಗ ಹೂಡದೆ ಬಿಡುವು ಕೊಡುವುದು ನಮ್ಮೆಲ್ಲರ ಪದ್ಧತಿ. ಆರು ರಾಜ್ಯಕ್ಕೆ ಆರು ಬೇರೆ ಬೇರೆ ದಿನ, ಭಾನುವಾರ ಒಬ್ಬರದು, ಮಂಗಳವಾರದಿಂದ ಶನಿವಾರದವರೆಗೆ ಉಳಿದವರದು. ಹೊಸದಾಗಿ ಸೇರುವವರು ಆರೂ ದಿನ ಪಾಲಿಸತಕ್ಕದ್ದು.”

“ನಮಗೆ ಸೋಮವಾರ ಬಿಡುವು,” ಎಂದ ರಾಜ.

“ಅದನ್ನೂ ಪಾಲಿಸಿ. ನಾವು ಬೇಡ ಅಂದೆವೇ? ನಿಮ್ಮ ಪದ್ಧತಿಯ ಮೇಲೆ ನಮಗೆ ಬಹಳ ಗೌರವ.”

“ಮತ್ತೆ ನಮ್ಮವರು ಉಳುವುದು ಯಾವಾಗ?”

“ಅದು ನಿಮ್ಮ ಒಳಾಡಳಿತ. ಅದರಲ್ಲಿ ಒಕ್ಕೂಟ ತಲೆ ಹಾಕುವುದಿಲ್ಲ.”

ರಾಜ ಬೊಪ್ಪಣ್ಣನ ಕಡೆ ನೋಡಿದ. ಆಸ್ಥಾನದಲ್ಲಿ ಬೊಪ್ಪಣ್ಣನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನಿಲ್ಲದೆ ಯಾವ ಕೆಲಸವೂ ಆಗುತ್ತಿರಲಿಲ್ಲ, ಅಷ್ಟೆ.

“ಹೆಗ್ಗಡೆಯವರೇ, ನಿಮ್ಮಲ್ಲೂ ಎಲ್ಲರೂ ಆರು ದಿನ ಪಾಲಿಸುತ್ತೀರಾ?” ಎಂದ ಬೊಪ್ಪಣ್ಣ.

“ನಾವು ಹಿರಿಯ ಸದಸ್ಯರಪ್ಪ. ನಮಗೆ ನಮ್ಮದೊಂದೇ ದಿನ.”

“ಸರಿ. ನಿಯಮ ಯಾವಾಗಿನಿಂದ?”

“ಮುದ್ರೆ ಬಿದ್ದ ಗಳಿಗೆಯಿಂದ.”

“ಯಾರ ಎತ್ತಿಗೆ?”

“ನಿಮ್ಮ ನೆಲದ ಮೇಲೆ ನಿಂತ ಪ್ರತಿಯೊಂದು ಎತ್ತಿಗೆ! ವಿನಾಯಿತಿ ಕೇಳಲೇಬೇಡಿ.”

“ಮುದ್ರೆ ಒತ್ತಿ, ಪ್ರಭು,” ಎಂದ ಬೊಪ್ಪಣ್ಣ.

ಬಿತ್ತನೆಗೆ ಇನ್ನು ಹತ್ತೇ ದಿನ. ಆದರೂ ರಾಜ ಒತ್ತಿದ.

ಹೆಗ್ಗಡೆ ಓಲೆ ಸುತ್ತಿಕೊಂಡು ಗಾಡಿ ಹತ್ತಿದ. ಗಾಡಿ ಅಲ್ಲಾಡಲಿಲ್ಲ. ಇಣುಕಿ ನೋಡಿದರೆ ಎತ್ತುಗಳು ಕೊಟ್ಟಿಗೆಯಲ್ಲಿ ಹುಲ್ಲು ಮೇಯುತ್ತಿದ್ದವು.

“ಇವತ್ತು ಸೋಮವಾರ,” ಎಂದ ಬೊಪ್ಪಣ್ಣ ಕೈಮುಗಿದು. “ನಮ್ಮ ಪದ್ಧತಿಯ ಮೇಲೆ ತಮಗೆ ಬಹಳ ಗೌರವವಲ್ಲವೇ?”

ಹೆಗ್ಗಡೆ ನಕ್ಕು ಇಳಿದ. ಊಟಕ್ಕೆ ಉಪ್ಪಿಲ್ಲದ ಹುಳಿ ಬಂತು. ಎರಡು ತುತ್ತು ತಿಂದು ಎದ್ದ.

ಮಂಗಳವಾರ ಬಿಳಿಹೊಳೆಯವರ ಬಿಡುವು. ಬುಧವಾರ ನೀರ್ಮಲೆಯವರದು. ಅನ್ನ ಸಪ್ಪೆ, ಪಲ್ಯ ಸಪ್ಪೆ, ಉಪ್ಪಿನಕಾಯಿ ಎಂದು ಬಡಿಸಿದ್ದರಲ್ಲಿ ಬರೀ ಕಾಯಿ. ಗುರುವಾರ ಹೆಗ್ಗಡೆಯ ಸ್ವಂತ ರಾಜ್ಯದ್ದೇ ಬಿಡುವು. ಅಂದು ಅವನು ಬಾಯಿ ಬಿಡುವಂತಿರಲಿಲ್ಲ. ಬೊಪ್ಪಣ್ಣನೇ ಬಂದು ಎತ್ತುಗಳಿಗೆ ಅರಿಸಿನ ಕುಂಕುಮ ಹಚ್ಚಿ ಹೋದ.

“ಒಂದು ಕುದುರೆ ಕೊಡಿ,” ಎಂದ ಹೆಗ್ಗಡೆ.

“ಇರುವುದೇ ಒಂದು ಸ್ವಾಮಿ. ಅದಕ್ಕೆ ಮಂಡಿನೋವು.”

ನಡೆದು ಹೋಗೋಣವೆಂದರೆ ಗಡಿಯವರೆಗೆ ನಾಲ್ಕು ದಿನದ ಕಾಡುದಾರಿ, ಎದುರಿಗೆ ಹೆಗ್ಗಡೆಯ ಡೊಳ್ಳುಹೊಟ್ಟೆ.

ಶುಕ್ರವಾರ ಬೆಳಗ್ಗೆ ಅವನು ಸಭೆಗೇ ನುಗ್ಗಿದ. ಮೀಸೆ ಜೋತುಬಿದ್ದಿತ್ತು.

“ಬೊಪ್ಪಣ್ಣ! ನಾಳೆ ಶನಿವಾರ, ಕಲ್ಲುಕೊಪ್ಪದವರ ಬಿಡುವು ಅನ್ನುತ್ತೀ. ನಾಡಿದ್ದು ಭಾನುವಾರ, ಇನ್ನೊಬ್ಬರದು ಅನ್ನುತ್ತೀ. ನನ್ನ ಗಾಡಿ ಹೊರಡುವುದು ಯಾವತ್ತು? ಅದೊಂದು ಹೇಳಿಬಿಡು!”

“ಹೇಳುವುದೇನು ಸ್ವಾಮಿ, ಎಲ್ಲ ತಮ್ಮ ಕೈಯಲ್ಲೇ ಇದೆ,” ಎಂದ ಬೊಪ್ಪಣ್ಣ. “ಒಕ್ಕೂಟದಿಂದ ವಾರಕ್ಕೆ ಎಂಟನೆಯ ದಿನವೊಂದನ್ನು ಮಂಜೂರು ಮಾಡಿಸಿ. ಅಂದು ಬೆಳಗ್ಗೆಯೇ ಎತ್ತು ಹೂಡಿಸುತ್ತೇನೆ.”

ಸಭೆಯಲ್ಲಿ ಯಾರೂ ನಗಲಿಲ್ಲ. ನಗಬಾರದೆಂದು ಬೊಪ್ಪಣ್ಣ ಮೊದಲೇ ಹೇಳಿಟ್ಟಿದ್ದ.

ಹೆಗ್ಗಡೆ ಓಲೆ ಬರೆಯುವ ಕಂಟ ತರಿಸಿಕೊಂಡ. ಆ ನಿಯಮದ ಮೇಲೆ ಗೀರು ಎಳೆದು, “ಅವರವರ ಎತ್ತಿಗೆ ಅವರವರ ದಿನ” ಎಂದು ಕೆಳಗೆ ಬರೆದ. ಮಸಿ ಸವರಿ ಒರೆಸುವಷ್ಟೂ ಪುರುಸೊತ್ತಿಲ್ಲದೆ ಹೊರಟೇಬಿಟ್ಟ.

ಮುಂದಿನ ತಿಂಗಳು ಉಪ್ಪಿನ ಗಾಡಿಗಳು ಬಂದವು. ಮಲ್ಲರಸ ಮೊದಲ ಮೂಟೆಯನ್ನು ಬೊಪ್ಪಣ್ಣನ ಮನೆಗೆ ಕಳಿಸಿ, ಅವನನ್ನು ಪಕ್ಕಕ್ಕೆ ಕರೆದ.

“ನಿಜ ಹೇಳು ಮಾರಾಯ. ಆ ಮನುಷ್ಯ ಹಟ ಹಿಡಿದು ಇಲ್ಲೇ ಕೂತುಬಿಟ್ಟಿದ್ದರೆ ಏನು ಮಾಡುತ್ತಿದ್ದೆ?”

“ಕೂತಿರಲಿ ಅಂತ ಬಿಡುತ್ತಿದ್ದೆ, ಪ್ರಭು. ನಾವು ಒಕ್ಕೂಟಕ್ಕೆ ಸೇರಲಾಗದಿದ್ದರೂ, ಒಕ್ಕೂಟದವನೊಬ್ಬ ನಮಗೆ ಸೇರಿದಂತಾಗುತ್ತಿತ್ತು.”